ಛಾಪಿನ ಹಿಂದಿರುವ ಹೆಸರು

ಆನ್‌ಲೈನ್‌ನಲ್ಲಿ ಅಂಗಿ ಕೊಳ್ಳುವಾಗ ನಾವು ನೋಡೋದು ಮೂರೇ: ಫೋಟೊ, ಸ್ಟಾರು, ಡಿಸ್ಕೌಂಟು. ಅದನ್ನ ಮಾಡಿದವರು ಯಾರು, ಯಾವ ಊರಲ್ಲಿ ಮಾಡಿದರು ಅಂತ ಹುಡುಕುವವರು ಕಮ್ಮಿ. ಮೊಬೈಲು ಬಂದಮೇಲೆ ಜನ ಹೀಗಾದರು ಅಂತ ಊರಲ್ಲಿ ಹಿರಿಯರು ಬೈತಾರೆ. ಆದರೆ ಮುಖ ಕಾಣದ ತಯಾರಕನ ಬಟ್ಟೆಯನ್ನ ಬರೀ ಚಿತ್ರ ನೋಡಿ ಕೊಳ್ಳೋದು ನಮ್ಮ ದೇಶದಲ್ಲಿ ಶುರುವಾಗಿ ನೂರು ವರ್ಷದ ಮೇಲಾಯಿತು. ಮೋಸವೂ ಅಷ್ಟೇ ಹಳೆಯದು. ಅದಕ್ಕೆ ಹುಡುಕಿದ ಮದ್ದೂ ಅಷ್ಟೇ ಹಳೆಯದು.

ಅದಕ್ಕೂ ಮೊದಲು ಹೇಗಿತ್ತು? ನಮ್ಮೂರು ಹಿರಿಯೂರು ತಾಲೂಕಿನ ಹರಿಯಬ್ಬೆ. ಪಕ್ಕದ ಚಳ್ಳಕೆರೆ ಸೀಮೆ ಕುರಿಗೆ, ಕಂಬಳಿಗೆ ಹೆಸರಾದದ್ದು. ಕಂಬಳಿ ಕೊಳ್ಳುವವರು ಅದನ್ನ ಬೆಳಕಿಗೆ ಹಿಡಿದು ನೋಡ್ತಿದ್ದರು, ಅಂಚು ಜಗ್ಗಿ ನೋಡ್ತಿದ್ದರು. ನಾಲ್ಕು ಮೂಲೆ ಹಿಡಿದು ನಡುವೆ ಒಂದು ಚೊಂಬು ನೀರು ಹೊಯ್ದು, ಸೋರದೆ ನಿಂತರೆ ನೇಯ್ಗೆ ಗಟ್ಟಿ ಅಂತಿದ್ದರು. ನೇಯುವಾಗ ಉಣ್ಣೆಯ ಹಾಸು ಕಿತ್ತು ಹೋಗದಿರಲಿ ಅಂತ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಅದು ಕೊಳ್ಳುವವನಿಗೂ ಗೊತ್ತಿತ್ತು. ಗಂಜಿಯ ತೂಕವನ್ನ ಉಣ್ಣೆಯ ತೂಕ ಅಂತ ಹೇಳಿ ಮಾರೋಕೆ ಆಗ್ತಿರಲಿಲ್ಲ, ಯಾಕಂದರೆ ನೇಯ್ದವನ ಮನೆ ಎಲ್ಲಿದೆ ಅನ್ನೋದು ಗೊತ್ತಿತ್ತು.

ಎಕ್ಕಡದ ಕತೆಯೂ ಹೀಗೇ. ಹೊಲಿದ ಕೈಯೇ ರಿಪೇರಿಯನ್ನೂ ಮಾಡ್ತಿತ್ತು. ಹಂಗಂತ ಅದೇನು ಚಿನ್ನದ ಕಾಲವಲ್ಲ. ಎಕ್ಕಡ ಮಾಡಿದವನ ಹೆಸರು ಊರಿಗೆಲ್ಲ ಗೊತ್ತಿದ್ದರೂ ಅವನ ಮನೆ ಊರ ಹೊರಗೇ ಇತ್ತು, ಅವನ ದುಡಿಮೆಗೆ ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು ಸಿಗ್ತಿತ್ತು. ತಯಾರಕನ ಗುರುತು ಇತ್ತು, ಮರ್ಯಾದೆ ಇರಲಿಲ್ಲ.

ಗುರುತೂ ಹೋದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಮಿಲ್ ಬಟ್ಟೆ ಬಂದಾಗ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೀತು. ಇಂಗ್ಲೆಂಡಿನ ಲ್ಯಾಂಕಶೈರ್ ಮಿಲ್ಲುಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಅವರು ಇಂಡಿಯಾದ ಹತ್ತಿಯ ಕಡೆ ತಿರುಗಿದರು, ಅದರಲ್ಲಿ ನಮ್ಮ ಧಾರವಾಡದ ಹತ್ತಿಯೂ ಇತ್ತು. ಬೆಲೆ ಏರಿತು, ಜೊತೆಗೇ ಕಲಬೆರಕೆಯೂ ಏರಿತು: ಹತ್ತಿಗೆ ಬೀಜ, ಮಣ್ಣು, ಕಸ ಸೇರಿಸಿ ತೂಕ ಹೆಚ್ಚಿಸೋರು. ಮುಂಬೈ ಪ್ರಾಂತ್ಯದ ಸರ್ಕಾರ 1863ರಲ್ಲಿ ಹತ್ತಿ ವ್ಯಾಪಾರದ ಮೋಸ ತಡೆಯೋಕೆ ಅಂತಲೇ ಒಂದು ಕಾನೂನು ತಂದಿತು.

ಆ ಕಡೆಯವರೇನೂ ಸಾಚಾ ಅಲ್ಲ. ಲ್ಯಾಂಕಶೈರ್‌ನಿಂದ ಬರುತ್ತಿದ್ದ ಅಗ್ಗದ ಬಟ್ಟೆಗೆ ಗಂಜಿಯ ಜೊತೆ ಪಿಂಗಾಣಿ ಮಾಡುವ ಬಿಳಿ ಜೇಡಿಮಣ್ಣನ್ನೂ ಮೆತ್ತಿರುತ್ತಿದ್ದರು. ಮುಟ್ಟಿದರೆ ದಪ್ಪ, ತಕ್ಕಡಿಗಿಟ್ಟರೆ ಭಾರ, ಒಂದು ಸಲ ಒಗೆದರೆ ಜಾಳುಜಾಳು. ಕಂಬಳಿಗೆ ಹಚ್ಚಿದ ಗಂಜಿ ನೇಯ್ಗೆಗೆ ಬೇಕಾದದ್ದು, ಈ ಮಣ್ಣು ಕಣ್ಣಿಗೆ ಎರಚೋಕೆ ಅಂತ ಸೇರಿಸಿದ್ದು. ವ್ಯತ್ಯಾಸ ಗೊತ್ತಾಗುವಷ್ಟರಲ್ಲಿ ಮಾರಿದವನು ಇನ್ನೊಂದು ಸಂತೆಯಲ್ಲಿ ಇರ್ತಿದ್ದ, ಮಾಡಿದವನು ಸಮುದ್ರದಾಚೆ.

ಆಗ ಕೊಳ್ಳುವವರಿಗೆ ಆಧಾರವಾಗಿದ್ದು ಛಾಪು. ಬಟ್ಟೆಯ ಥಾನಿನ ಮೇಲೆ ಬಣ್ಣದ ಚೀಟಿ ಅಂಟಿಸುತ್ತಿದ್ದರು: ಗಣಪತಿ, ಲಕ್ಷ್ಮಿ, ಆನೆ, ಹುಲಿ. ಇಂಗ್ಲಿಷ್ ಬಾರದವರೂ ಆ ಚಿತ್ರ ಹೇಳಿಯೇ ಬಟ್ಟೆ ಕೇಳ್ತಿದ್ದರು. ಒಂದು ಛಾಪು ಜನಪ್ರಿಯವಾದರೆ ಅದರಂಥದ್ದೇ ಇನ್ನೊಂದು ಹುಟ್ಟುತ್ತಿತ್ತು. ಇವತ್ತು ದೊಡ್ಡ ಬ್ರ್ಯಾಂಡಿನ ಹೆಸರಲ್ಲಿ ಒಂದು ಅಕ್ಷರ ಬದಲಿಸಿ ಶೂ ಮಾರುವವರು ಮಾಡ್ತಿರೋದೂ ಅದನ್ನೇ.

ಚಿತ್ರ ಸಾಲದು ಅಂತ ಕಾನೂನು ಒಪ್ಪಿಕೊಂಡದ್ದು 1889ರಲ್ಲಿ. ಆ ವರ್ಷದ ಸರಕು ಗುರುತುಗಳ ಕಾಯ್ದೆಯ ಪ್ರಕಾರ ಥಾನಿನ ಮೇಲೆ ಅದರ ಉದ್ದ ಎಷ್ಟು ಗಜ ಅಂತ ಮುದ್ರೆ ಒತ್ತಬೇಕಾಯಿತು, ಸರಕಿನ ಬಗ್ಗೆ ಸುಳ್ಳು ವಿವರ ಹಾಕೋದು ಅಪರಾಧವಾಯಿತು. ಸುಮಾರು ನೂರು ವರ್ಷ ಕಳೆದು, 1988ರ ಜವಳಿ ಗ್ರಾಹಕ ರಕ್ಷಣೆ ನಿಯಮಗಳು ಬಟ್ಟೆಯ ಮೇಲೆ ತಯಾರಕರ ಹೆಸರು, ನೂಲಿನಲ್ಲಿ ಏನು ಎಷ್ಟು ಪಾಲಿದೆ ಅನ್ನೋದನ್ನೂ ಕೇಳಿದವು. ರೇಷ್ಮೆಗೆ 2004ರಲ್ಲಿ ಸಿಲ್ಕ್ ಮಾರ್ಕ್ ಬಂತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಗಳ ಮೇಲೆ ಈಗ ಕಸೂತಿ ಮಾಡಿದ ನಂಬರ್ ಇರುತ್ತದೆ. ಅಂದರೆ ಚಿತ್ರದಿಂದ ಅಳತೆಗೆ, ಅಳತೆಯಿಂದ ಹೆಸರಿಗೆ ಬಂದದ್ದು ಈ ದಾರಿ.

ಆನ್‌ಲೈನ್ ಅಂಗಡಿಗಳು ಬಂದಾಗ ನಾವು ಪುನಃ ಚಿತ್ರಕ್ಕೇ ವಾಪಸ್ ಹೋದೆವು. ಇದರಿಂದ ಪೆಟ್ಟು ಬೀಳೋದು ನಮ್ಮ ಜೇಬಿಗೆ ಮಾತ್ರ ಅಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಪಾಲಿಯೆಸ್ಟರ್ ಸೀರೆಗೆ ಅದೇ ಹೆಸರು ಹಚ್ಚಿ ಕಾಲುಭಾಗ ಬೆಲೆಗೆ ಮಾರಿದರೆ, ಫೋಟೊದಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ. ಮಗ್ಗದ ಮುಂದೆ ದಿನಗಟ್ಟಲೆ ಕೂತು ನೇಯ್ದವರ ಸೀರೆ ಆಗ "ಜಾಸ್ತಿ ರೇಟು" ಅನ್ನಿಸಿಕೊಂಡು ಉಳಿದುಹೋಗುತ್ತದೆ. ನಾವು ಹೆಸರು ನೋಡದಿದ್ದರೆ ಪ್ರಾಮಾಣಿಕ ತಯಾರಕನೇ ಮೊದಲು ಸೋಲೋದು.

ಕಾನೂನು ಈಗಲೂ ಹಿಂದೆ ಓಡಿ ಬಂದಿದೆ. 2018ರ ಜನವರಿಯಿಂದ ಪ್ಯಾಕ್ ಮಾಡಿದ ಸರಕಿನ ತಯಾರಕರ ಅಥವಾ ಆಮದುದಾರರ ವಿವರವನ್ನ ಆನ್‌ಲೈನ್ ಪುಟದಲ್ಲೂ ತೋರಿಸಬೇಕು. 2020ರ ಇ-ಕಾಮರ್ಸ್ ನಿಯಮಗಳು ಮಾರಾಟಗಾರನ ವಿವರ, ಸರಕು ಯಾವ ದೇಶದ್ದು ಅನ್ನೋದನ್ನ ಕೇಳುತ್ತವೆ. ಸ್ಟಾರುಗಳ ವಿಚಾರಕ್ಕೂ 2022ರಲ್ಲಿ ಬಿಐಎಸ್ ಒಂದು ಮಾನದಂಡ ತಂದಿತು, ಆದರೆ ಅದು ಕಡ್ಡಾಯವಲ್ಲ. ಕೆಲವು ಬಗೆಯ ಪಾದರಕ್ಷೆಗಳಿಗೆ 2023ರ ಜುಲೈಯಿಂದ ಹಂತಹಂತವಾಗಿ ಐಎಸ್ಐ ಗುರುತು ಕಡ್ಡಾಯ ಆಗಿದೆ.

ಹಾಗಾಗಿ ಕೊಳ್ಳುವ ಮೊದಲು ಪುಟದ ಕೆಳಗೆ ಸಣ್ಣಕ್ಷರದಲ್ಲಿರೋ ವಿವರಗಳಿಗೆ ಹೋಗಿ. "ಮಾರ್ಕೆಟೆಡ್ ಬೈ" ಬೇರೆ, "ಮ್ಯಾನುಫ್ಯಾಕ್ಚರ್ಡ್ ಬೈ" ಬೇರೆ. ಮೊದಲನೆಯದು ಛಾಪಿನ ಒಡೆಯ, ಎರಡನೆಯದು ಮಾಡಿದವನು. ಪೂರ್ತಿ ಹೆಸರು, ವಿಳಾಸ ಇದ್ದರೆ ಅದನ್ನ ಹುಡುಕಿ ನೋಡಿ: ಅವರು ಇನ್ಯಾರಿಗೆ ಹೊಲಿದು ಕೊಡ್ತಾರೆ, ಎಷ್ಟು ವರ್ಷದಿಂದ ಇದ್ದಾರೆ. ಬಟ್ಟೆಗೆ ನೂಲಿನ ಪಾಲು ಶೇಕಡಾ ಎಷ್ಟೆಷ್ಟು ಅಂತ ಬರೆದಿರಬೇಕು, "ಕಾಟನ್ ಫೀಲ್" ಅಂದರೆ ಕಾಟನ್ ಅಲ್ಲ. ರಿವ್ಯೂಗಳಲ್ಲಿ ಒಗೆದ ಮೇಲೆ, ಎರಡು ತಿಂಗಳು ಮೆಟ್ಟಿದ ಮೇಲೆ ಬರೆದವನ್ನ ಮಾತ್ರ ಓದಿ. ಮೊದಲ ದಿನದ ಐದು ಸ್ಟಾರು ಜೇಡಿಮಣ್ಣಿನ ತೂಕ ಇದ್ದ ಹಾಗೆ.

ಪಾರ್ಸೆಲ್ ಬಂದಮೇಲೆ ಒಳಗಿನ ಲೇಬಲ್ಲನ್ನ ಪುಟದ ಜೊತೆ ಹೋಲಿಸಿ. ನನಗೊಮ್ಮೆ "ಪ್ಯೂರ್ ಕಾಟನ್" ಅಂಗಿಯ ಕಾಲರಿನೊಳಗೇ "40% ಪಾಲಿಯೆಸ್ಟರ್" ಅಂತ ಸಿಕ್ಕಿತ್ತು. ಎರಡರ ಸ್ಕ್ರೀನ್‌ಶಾಟ್, ಫೋಟೊ ಕಳಿಸಿದೆ, ದುಡ್ಡು ವಾಪಸ್ ಬಂತು. ಶೂ ಒಳಗೆ ಚರ್ಮದ ಆಕಾರದ ಚಿಹ್ನೆ ಇದ್ದರೆ ಅದು ಚರ್ಮ, ಬಲೆಯಂತಿದ್ದರೆ ಬಟ್ಟೆ, ಬರೀ ವಜ್ರಾಕೃತಿ ಇದ್ದರೆ ರೆಕ್ಸಿನ್‌ನಂಥ ಬೇರೇನೋ. ರೇಷ್ಮೆ ಅಂದಿದ್ದರೆ ಅಂಚಿನ ಒಂದೆಳೆ ಸುಟ್ಟು ನೋಡಿ: ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ತಯಾರಕನ ಹೆಸರೇ ಇಲ್ಲದ ಪುಟ ಸಿಕ್ಕರೆ, ರೇಟು ಎಷ್ಟೇ ಕಮ್ಮಿ ಇರಲಿ, ನಾನು ಕೊಳ್ಳೋದಿಲ್ಲ. ಮಾಡಿದ್ದನ್ನ ನಾನೇ ಮಾಡಿದೆ ಅಂತ ಹೇಳೋಕೆ ಅವನಿಗೇ ಧೈರ್ಯ ಇಲ್ಲ ಅಂದಮೇಲೆ, ನಾವು ಯಾವ ನಂಬಿಕೆ ಮೇಲೆ ಕೊಳ್ಳಬೇಕು?