ರಿವಾಲ್ವರಿನ ಪರೀಕ್ಷೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ನಿರ್ಮಿಸಿದವರ ಹೆಸರನ್ನು ಹೇಳಿ ತೃಪ್ತರಾಗುತ್ತಾರೆ. ಆ ಯಂತ್ರಗಳು ಹೇಗೆ ಸವೆದುವು, ಅವುಗಳ ದೋಷಕ್ಕೆ ಯಾರು ಬಲಿಯಾದರು ಎಂದು ವಿಚಾರಿಸುವವರು ವಿರಳ. ರಿವಾಲ್ವರಿನ ವಿಷಯದಲ್ಲಿ ಈ ಎರಡನೆಯ ಚರಿತ್ರೆಯೇ ಹೆಚ್ಚು ಬೋಧಪ್ರದವಾದುದು.

ಕೋವಿಗಳನ್ನು ಪರೀಕ್ಷಿಸುವ ಪದ್ಧತಿ ರಿವಾಲ್ವರಿಗಿಂತ ಹಳೆಯದು. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿ ರಾಜಶಾಸನ ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು 1813ರಲ್ಲಿ ಪಾರ್ಲಿಮೆಂಟಿನ ಕಾನೂನಿನಿಂದ ಸ್ಥಾಪಿತವಾಯಿತು. ಅಲ್ಲಿನ ಕ್ರಮವು ಸರಳವಾದುದು: ವಾಡಿಕೆಗಿಂತ ಹೆಚ್ಚು ಮದ್ದನ್ನು ತುಂಬಿ ಹಾರಿಸುವುದು, ನಳಿಗೆ ಒಡೆಯದೆ, ಉಬ್ಬದೆ ಉಳಿದರೆ ಅದರ ಮೇಲೆ ಮುದ್ರೆಯೊತ್ತುವುದು. ತಯಾರಕನ ಮಾತೊಂದನ್ನೇ ನಂಬಬಾರದೆಂಬ ವಿವೇಕ ಇದರಲ್ಲಿತ್ತು. ಆದರೆ ಆ ಮುದ್ರೆಯು ಪರೀಕ್ಷೆಯ ದಿನದ ಬಲಕ್ಕೆ ಮಾತ್ರ ಸಾಕ್ಷಿ. ಮುಂದಿನ ಸವೆತಕ್ಕೆ ಅಲ್ಲ.

ಸ್ಯಾಮ್ಯುಯಲ್ ಕೋಲ್ಟನು 1836ರಲ್ಲಿ ಅಮೆರಿಕದಲ್ಲಿ ತನ್ನ ರಿವಾಲ್ವರಿಗೆ ಪೇಟೆಂಟು ಪಡೆದನು. 1847ರಲ್ಲಿ, ಮೆಕ್ಸಿಕೋ ಯುದ್ಧದ ಸಮಯದಲ್ಲಿ, ಕ್ಯಾಪ್ಟನ್ ವಾಕರನ ಸಲಹೆಯಂತೆ ಅವನು ಮಾಡಿಸಿದ ಆಯುಧವು ನಾಲ್ಕೂವರೆ ಪೌಂಡು ತೂಗುತ್ತಿತ್ತು. ಅದರ ಒಂದೊಂದು ಮನೆಯೂ ಸುಮಾರು 60 ಗ್ರೇನ್ ಮದ್ದನ್ನು ಹಿಡಿಯುತ್ತಿತ್ತು. ಆ ಕಾಲದ ಲೋಹ ಅಷ್ಟು ಒತ್ತಡವನ್ನು ಸದಾ ತಾಳಲಿಲ್ಲ. ಕೆಲವು ಸಿಲಿಂಡರುಗಳು ಸಿಡಿದುವು. ಮರುವರ್ಷದ ಮಾದರಿಯಲ್ಲಿ ಸಿಲಿಂಡರನ್ನು ಮೋಟು ಮಾಡಿ ಮದ್ದಿನ ಪ್ರಮಾಣವನ್ನು ಇಳಿಸಬೇಕಾಯಿತು.

ಸಿಡಿತಕ್ಕಿಂತಲೂ ಸೂಕ್ಷ್ಮವಾದ ಅಪಾಯವೊಂದುಂಟು. ಬೇರೆ ಕೋವಿಗಳಲ್ಲಿ ತೋಟಾ ನಳಿಗೆಯ ಬುಡದಲ್ಲಿಯೇ ಇರುತ್ತದೆ. ರಿವಾಲ್ವರಿನಲ್ಲಾದರೋ ಸಿಲಿಂಡರಿನ ಮನೆಗಳು ಒಂದೊಂದಾಗಿ ತಿರುಗಿ ಬಂದು ನಳಿಗೆಯ ನೇರಕ್ಕೆ ನಿಲ್ಲಬೇಕು. ಸಣ್ಣ ಉಕ್ಕಿನ ಕೈಯೊಂದು ಸಿಲಿಂಡರನ್ನು ತಿರುಗಿಸುತ್ತದೆ. ಅಗುಳಿಯೊಂದು ಅದನ್ನು ಬಂಧಿಸುತ್ತದೆ. ಇವು ಸವೆದರೆ ಮನೆಯು ಓರೆಯಾಗಿ ನಿಲ್ಲುವುದು. ಗುಂಡು ನಳಿಗೆಯ ಅಂಚಿಗೆ ತಾಗಿ ಸೀಸದ ಚೂರುಗಳು ಪಕ್ಕದವರ ಮುಖಕ್ಕೆ ಹಾರುವುವು. ಆದಕಾರಣ ಪರೀಕ್ಷಕನು ಮೊದಲು ಎಲ್ಲ ಮನೆಗಳೂ ಬರಿದಾಗಿವೆಯೆಂದು ಕಣ್ಣಾರೆ ನೋಡುತ್ತಾನೆ. ಬಳಿಕ ಕುದುರೆಯನ್ನು ನಿಧಾನವಾಗಿ ಹಿಂದಕ್ಕೆಳೆದು, ಪ್ರತಿಯೊಂದು ಮನೆಯೂ ಭದ್ರವಾಗಿ ಬಂಧಿತವಾಗುವುದೇ ಎಂದು ಗಮನಿಸುತ್ತಾನೆ. ಸಿಲಿಂಡರನ್ನು ಹಿಂದುಮುಂದಕ್ಕೂ ಅಕ್ಕಪಕ್ಕಕ್ಕೂ ಅಲುಗಿಸುತ್ತಾನೆ. ಅದಕ್ಕೂ ನಳಿಗೆಗೂ ನಡುವಣ ಸಂದನ್ನು ಅಳೆಯುತ್ತಾನೆ. ಅದು ಅಂಗುಲದ ಸಾವಿರದಲ್ಲಿ ಕೆಲವೇ ಭಾಗಗಳಷ್ಟಿರಬೇಕು. ಕೊನೆಗೆ, ಎತ್ತಿ ನಿಲ್ಲಿಸಿದ ಕುದುರೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತುತ್ತಾನೆ. ಟ್ರಿಗರನ್ನು ಮುಟ್ಟದೆಯೇ ಕುದುರೆ ಬಿದ್ದರೆ, ಒಳಗಣ ಕಚ್ಚು ಸವೆದಿದೆಯೆಂದೇ ಅರ್ಥ.

ಇನ್ನು ಆಯುಧವು ಕೈಜಾರಿ ಬಿದ್ದಾಗಿನ ಅಪಾಯ. 1873ರ ಕೋಲ್ಟ್ ಮಾದರಿಯಲ್ಲಿ ಕುದುರೆಯನ್ನು ಪೂರ್ತಿ ಇಳಿಸಿದರೆ ಅದರ ಮೊನೆ ತೋಟಾದ ಮೇಲೆಯೇ ಕೂಡುತ್ತಿತ್ತು. ಆದುದರಿಂದ ಬಲ್ಲವರು ಆರರಲ್ಲಿ ಐದನ್ನು ಮಾತ್ರ ತುಂಬಿ, ಕುದುರೆಯ ಕೆಳಗಿನ ಮನೆಯನ್ನು ಬರಿದಾಗಿ ಬಿಡುತ್ತಿದ್ದರು. 1876ರ ಜನವರಿಯಲ್ಲಿ ಕ್ಯಾನ್ಸಾಸಿನ ವಿಚಿಟಾ ಪಟ್ಟಣದಲ್ಲಿ ವ್ಯಾಟ್ ಅರ್ಪನೆಂಬ ಪ್ರಸಿದ್ಧ ಪೊಲೀಸನ ರಿವಾಲ್ವರು ಸೊಂಟದಿಂದ ಜಾರಿ ಬಿದ್ದು ಹಾರಿತು. ಗುಂಡು ಅವನ ಕೋಟನ್ನು ತೂರಿ ಹೋಯಿತು. ಅವನೇನೋ ಬದುಕಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಅಮೆರಿಕದ ನಾವಿಕನೊಬ್ಬನಿಗೆ ಆ ಅದೃಷ್ಟವಿರಲಿಲ್ಲ. ಹಡಗಿನ ಉಕ್ಕಿನ ಹಾಸಿನ ಮೇಲೆ ಬಿದ್ದ ರಿವಾಲ್ವರು ಹಾರಿ ಅವನು ಮಡಿದನು. ಆ ಆಯುಧದೊಳಗೆ ಕುದುರೆಯನ್ನು ತಡೆಯುವ ಸಾಧನ ಮೊದಲೇ ಇದ್ದಿತು. ಬೇಕಾದ ಗಳಿಗೆಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಸ್ಮಿತ್ ಮತ್ತು ವೆಸನ್ ಕಂಪೆನಿಯವರು ಕೂಡಲೇ ಹೊಸ ತಡೆಯನ್ನು ಯೋಜಿಸಿದರು. ಹಳೆಯ ಕೋಲ್ಟಿನ ರೀತಿಯ ರಿವಾಲ್ವರುಗಳಲ್ಲಿ ರೂಗರ್ ಕಂಪೆನಿಯು 1973ರಲ್ಲಿ ಹೊಸ ಏರ್ಪಾಡನ್ನು ತಂದಿತು: ಟ್ರಿಗರನ್ನು ಒತ್ತಿದಲ್ಲದೆ ಕುದುರೆಯ ಪೆಟ್ಟು ತೋಟಾಕ್ಕೆ ಮುಟ್ಟುವುದೇ ಇಲ್ಲ.

ಈ ಸಂಗತಿಗಳಿಂದ ತಿಳಿಯತಕ್ಕದ್ದೇನು? ರಕ್ಷಣೆಯ ಸಾಧನವೂ ಲೋಹವೇ. ಅದೂ ಸವೆಯುತ್ತದೆ, ಕೊಳೆಯಿಂದ ಕಚ್ಚಿಕೊಳ್ಳುತ್ತದೆ. ಮುದ್ರೆಯಿದೆಯೆಂದೂ ತಡೆಯಿದೆಯೆಂದೂ ನಂಬಿ ಪರೀಕ್ಷೆಯನ್ನು ಕೈಬಿಟ್ಟರೆ, ಹಿಂದಿನವರು ಪ್ರಾಣ ತೆತ್ತು ಕಲಿತುದನ್ನು ನಾವು ಮತ್ತೆ ಅದೇ ಬೆಲೆಗೆ ಕಲಿಯಬೇಕಾದೀತು.