ಉಕ್ಕಿನ ಗೋಡೆ ಮೇಲೆ ಆರು ಬಡಿತ

1/6
ಮುಳುಗಿ ತಳ ಸೇರಿದ ಸಬ್‌ಮರೀನ್‌ನ ಮುಚ್ಚಳ ತೆರೆಯೋ ಮೊದಲು ಮೂರು ವಿಷಯ ಗೊತ್ತಿರಬೇಕು. ಒಳಗೆ ಯಾರಾದ್ರೂ ಬದುಕಿದ್ದಾರಾ? ಗಾಳಿ ಇನ್ನೆಷ್ಟು ಹೊತ್ತು ಸಾಕಾಗುತ್ತೆ? ಒಳಗಿನ ಒತ್ತಡ ಎಷ್ಟಿದೆ? ಕಿಟಕಿ ಇಲ್ಲದ ಉಕ್ಕಿನ ಡಬ್ಬಿಯನ್ನ ಇದೆಲ್ಲ ಕೇಳೋದಾದ್ರೂ ಹೇಗೆ? ಆ ಕಥೆ ಒಂದು ಸುತ್ತಿಗೆಯಿಂದ ಶುರುವಾಗುತ್ತೆ.

2/6
1927ರ ಡಿಸೆಂಬರ್ 17. ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿ. ನೀರಿನಿಂದ ಮೇಲೇಳ್ತಿದ್ದ ಎಸ್-4 ಸಬ್‌ಮರೀನ್‌ಗೆ ಕೋಸ್ಟ್ ಗಾರ್ಡ್ ಹಡಗು ಪಾಲ್ಡಿಂಗ್ ಡಿಕ್ಕಿ ಹೊಡೀತು. 40 ಜನರ ಸಮೇತ ಅದು 30 ಮೀಟರ್‌ಗೂ ಹೆಚ್ಚು ಆಳಕ್ಕೆ ಮುಳುಗ್ತು. ಮರುದಿನ ಟಾಮ್ ಈಡಿ ಅನ್ನೋ ಡೈವರ್ ಕೆಳಗಿಳಿದು ಅದರ ಮೈ ಮೇಲೆ ಬಡಿದ. ಮುಂಭಾಗದ ಟಾರ್ಪಿಡೊ ಕೋಣೆಯಿಂದ ಉತ್ತರ ಬಂತು: ಆರು ಬಡಿತ. ಅಂದ್ರೆ ಆರು ಜೀವ.

ಆಮೇಲೆ ಮೋರ್ಸ್ ಕೋಡ್‌ನಲ್ಲಿ ಮಾತುಕತೆ. ಇನ್ನೆಷ್ಟು ಹೊತ್ತು ಬೇಕು ಅಂತ ಕೇಳಿದ್ರು. ಬದುಕೋ ಆಸೆ ಇದೆಯಾ ಅಂತಲೂ ಕೇಳಿದ್ರು. ಮೇಲೆ ಬಿರುಗಾಳಿ. ಅವರನ್ನ ಹೊರತರುವ ಸಾಧನವೇ ಆಗ ಇರ್ಲಿಲ್ಲ. ಬಡಿತ ನಿಂತುಹೋಯ್ತು. 40 ಜನರಲ್ಲಿ ಒಬ್ಬರೂ ಉಳೀಲಿಲ್ಲ.

3/6
ಇಂಥ ಕಡೆ ಆಮ್ಲಜನಕ ಮುಗಿಯೋ ಮುಂಚೆಯೇ ನಮ್ಮದೇ ಉಸಿರಿನ ಇಂಗಾಲದ ಡೈಆಕ್ಸೈಡ್ ಕೊಲ್ಲಬಹುದು. ಜೊತೆಗೆ ಒತ್ತಡ: ಕೋಣೆಗೆ ನೀರು ನುಗ್ಗಿದಷ್ಟೂ ಉಳಿದ ಗಾಳಿ ಹಿಂಡಿಕೊಳ್ಳುತ್ತೆ. ಆ ಗಾಳಿಯನ್ನ ಉಸಿರಾಡಿದವರ ರಕ್ತದಲ್ಲಿ ಸಾರಜನಕ ಕರಗಿರುತ್ತೆ. ಅವರನ್ನ ಸೀದಾ ಮೇಲೆ ತಂದ್ರೆ, ಗೋಲಿ ಸೋಡಾ ಒಡೆದಾಗ ಏಳ್ತಾವಲ್ಲ, ಹಾಗೆ ರಕ್ತದಲ್ಲೇ ಗುಳ್ಳೆ ಏಳ್ತವೆ. ಒತ್ತಡ ತಿಳಿಯದೆ ಕಾಪಾಡಲು ಹೋದ್ರೆ, ಕಾಪಾಡಿದವರ ಕೈಯಲ್ಲೇ ಜೀವ ಹೋಗಬಹುದು.

4/6
1928ರಲ್ಲಿ ಎಸ್-4 ಅನ್ನು ಮೇಲೆತ್ತಿದ್ರು. ಗುಜರಿಗೆ ಹಾಕ್ಲಿಲ್ಲ. ಪಾರಾಗುವ ಸಾಧನಗಳ ಪರೀಕ್ಷೆಗೆ ಅದನ್ನೇ ಬಳಸಿದ್ರು.

ಅದರ ಫಲ ಕಂಡಿದ್ದು 1939ರ ಮೇ 23ರಂದು. ನ್ಯೂ ಹ್ಯಾಂಪ್‌ಶೈರ್ ಕರಾವಳಿಯಲ್ಲಿ ಸ್ಕ್ವಾಲಸ್ ಸಬ್‌ಮರೀನ್ ಸುಮಾರು 74 ಮೀಟರ್ ಆಳಕ್ಕೆ ಮುಳುಗ್ತು. ಒಳಗೆ 59 ಜನ. ಅದು ಮೇಲಕ್ಕೆ ಬಿಟ್ಟ ತೇಲುಬುರುಡೆಯಲ್ಲಿ ಟೆಲಿಫೋನ್ ಇತ್ತು! ಎರಡು ಮಾತಾಡೋಷ್ಟರಲ್ಲಿ ತಂತಿ ಕಡೀತು. ಮತ್ತೆ ಸುತ್ತಿಗೆಯೇ ಗತಿ. ಮೇಲಿನ ಹಡಗು ನೀರಿನೊಳಗೆ ಶಬ್ದ ಕಳಿಸಿ ಪ್ರಶ್ನೆ ಕೇಳ್ತು, ಕೆಳಗಿನವರು ಬಡಿದು ಉತ್ತರ ಕೊಟ್ರು. ಕ್ಯಾಪ್ಟನ್ ಆಲಿವರ್ ನ್ಯಾಕ್ವಿನ್ ಮಾತಾಡದೆ ಮಲಗಿರಿ ಅಂದ್ರು, ಕೆಟ್ಟ ಗಾಳಿ ಹೀರೋ ಪುಡಿಯನ್ನ ಹರಡಿಸಿದ್ರು.

ಮರುದಿನ ಗಂಟೆಯಾಕಾರದ ಮೆಕ್ಯಾನ್ ಚೇಂಬರ್ ಇಳೀತು. ನಾಲ್ಕು ಸಲದಲ್ಲಿ 7, 9, 9, 8. ಒಟ್ಟು 33 ಜನ ಮೇಲೆ ಬಂದ್ರು.

5/6
ಅಲ್ಲಿಗೇ ನಿಲ್ಲಿಸಬಹುದಿತ್ತು. ಹಿಂಭಾಗದಿಂದ ಯಾವ ಸದ್ದೂ ಇರ್ಲಿಲ್ಲ. ಆದ್ರೂ ಮೇ 25ರಂದು ಐದನೇ ಸಲ ಚೇಂಬರ್ ಇಳಿಸಿದ್ರು, ಹಿಂದಿನ ಹ್ಯಾಚ್‌ಗೇ ಕೂರಿಸಿ ಪರೀಕ್ಷಿಸಿದ್ರು. ಅಲ್ಲಿ ಬರೀ ನೀರು. ಉಳಿದ 26 ಜನ ಇಲ್ಲ ಅನ್ನೋದು ಆಗ ಖಚಿತವಾಯ್ತು. ಸದ್ದಿಲ್ಲ ಅಂದಮಾತ್ರಕ್ಕೆ ಸತ್ತಿದ್ದಾರೆ ಅಂತ ಅವರು ಬರೆದುಕೊಳ್ಳಲಿಲ್ಲ. ಹೋಗಿ ನೋಡಿದ್ರು.

6/6
ಹೋಗಿ ನೋಡೋದು ತಡವಾದ್ರೆ? 2000ದ ಆಗಸ್ಟ್ 12ರಂದು ರಷ್ಯಾದ ಕುರ್ಸ್ಕ್ 118 ಜನರೊಂದಿಗೆ 108 ಮೀಟರ್ ಆಳಕ್ಕೆ ಮುಳುಗ್ತು. ನಾರ್ವೆಯ ಡೈವರ್‌ಗಳು ಹ್ಯಾಚ್ ತೆರೆದಿದ್ದು 21ಕ್ಕೆ. ಒಳಗೆಲ್ಲ ನೀರು. ಸ್ಫೋಟದ ನಂತರವೂ ಹಿಂಭಾಗದಲ್ಲಿ 23 ಜನ ಬದುಕಿದ್ರು ಅನ್ನೋದು ಆಮೇಲೆ ಸಿಕ್ಕ ಒಂದು ಚೀಟಿಯಿಂದ ಗೊತ್ತಾಯ್ತು.

ಇವತ್ತು ನೀರೊಳಗಿನ ಟೆಲಿಫೋನ್ ಇದೆ, ಕ್ಯಾಮೆರಾ ಇರೋ ರೋಬೋಟ್‌ಗಳಿವೆ. ಭಾರತೀಯ ನೌಕಾಪಡೆಗೂ 2018ರಲ್ಲಿ ಪಾರುಗಾಣಿಕಾ ಪುಟ್ಟ ಸಬ್‌ಮರೀನ್ ಬಂತು. ಆದ್ರೂ ಮೊದಲ ಪ್ರಶ್ನೆ ಬದಲಾಗಿಲ್ಲ: ಒಳಗೆ ಯಾರಿದ್ದೀರಿ?

ಬೇಗ ಕೇಳಬೇಕು. ಉತ್ತರ ಬಂದಾಗ ಕರೆತರೋ ದಾರಿಯೂ ಕೈಯಲ್ಲಿರಬೇಕು. ಎಸ್-4ರ ಆ ಆರು ಜನ ಉತ್ತರ ಕೊಟ್ಟಿದ್ರು, ದಾರಿ ಇರ್ಲಿಲ್ಲ ಅಷ್ಟೆ.

ಹಿಂದಿನ ಬೆಂಚಿನ ಗೆಳೆಯರಿಗೂ ಕಳಿಸಿ 👇
#ಇತಿಹಾಸ #ಸಬ್‌ಮರೀನ್ #ಕನ್ನಡದಲ್ಲಿವಿಜ್ಞಾನ