ಪದ: ವ್ಯಾಖ್ಯಾನದ ತೊಡಕು

ಭಾಷಾವಿಜ್ಞಾನದ ಮೂಲ ಘಟಕಗಳಲ್ಲಿ ಒಂದಾದ ‘ಪದ’ ಎಲ್ಲರಿಗೂ ಗೊತ್ತು, ವ್ಯಾಖ್ಯಾನಕ್ಕೆ ಮಾತ್ರ ಸಿಕ್ಕುವುದಿಲ್ಲ. ಎರಡು ತೆರಪುಗಳ ನಡುವೆ ಇರುವುದೇ ಪದ ಎಂಬುದು ರೂಢಿಯ ಉತ್ತರ. ಬಾದಾಮಿಯ ಬಂಡೆಯ ಮೇಲೆ ಆ ಉತ್ತರ ನಿಲ್ಲದು. ಅಲ್ಲಿ ಕೆತ್ತಿರುವ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ. ಅಕ್ಷರಗಳು ಒಂದರ ಬೆನ್ನಿಗೊಂದು ಸಾಗುತ್ತವೆ, ಎಲ್ಲಿ ಬಿಡಿಸಬೇಕೆಂಬುದು ಓದುವವರ ಪಾಲಿನ ಕೆಲಸ. ಇಂದು ಅಚ್ಚಾದ ಪಾಠಗಳಲ್ಲಿ ಕಾಣುವ ತೆರಪುಗಳೆಲ್ಲ ಸಂಪಾದಕರು ಹಾಕಿದವು.

ಪಾಣಿನಿ ಪದವನ್ನು ಅದರ ಕೊನೆಯಿಂದ ಗುರುತಿಸಿದ: ನಾಮವಿಭಕ್ತಿಯೋ ಆಖ್ಯಾತ ಪ್ರತ್ಯಯವೋ ಹತ್ತಿ ಮುಗಿದದ್ದು ಪದ. 13ನೆಯ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದ. ಅಮೆರಿಕದ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1926ರಲ್ಲಿ ಕೊಟ್ಟ ಒರೆಗಲ್ಲು ಬೇರೆ: ಒಂಟಿಯಾಗಿ ಆಡಬಹುದಾದ ಅತಿ ಚಿಕ್ಕ ರೂಪವೇ ಪದ.

ಬಾಗಲಕೋಟೆಯ ಮಾತಿನಲ್ಲಿ ‘ರಿ’ ಒಂದೇ ಸಾಕು, ಎರಡೂ ವ್ಯಾಖ್ಯೆಗಳು ತಡವರಿಸಲು. ‘ಯಾವೂರ್ರಿ?’, ‘ಹೌದ್ರಿ’, ‘ಎಷ್ಟ್ರಿ?’, ‘ಬರ್ತೇನ್ರಿ’. ವಿಭಕ್ತಿ ಪ್ರತ್ಯಯ ನಾಮಪದವನ್ನೇ ಹುಡುಕುತ್ತದೆ; ‘ರಿ’ಗೆ ಅಂಥ ಮಡಿ ಇಲ್ಲ, ಸಿಕ್ಕಿದ್ದಕ್ಕೆಲ್ಲ ಹತ್ತಿಕೊಳ್ಳುತ್ತದೆ. ‘ಬರ್ತೇನ್’ ಎಂಬಲ್ಲಿಗೇ ಆಖ್ಯಾತ ಮುಗಿಯಿತು. ಪಾಣಿನಿಯ ಲೆಕ್ಕದಲ್ಲಿ ಪದವೂ ಮುಗಿಯಿತು. ಹಾಗಿದ್ದರೆ ‘ರಿ’ ಇನ್ನೊಂದು ಪದವೇ? ಉಸಿರು ಕಡಿಯದೆ ಹಿಂದಿನದಕ್ಕೆ ಬೆಸೆದುಕೊಳ್ಳುತ್ತದಲ್ಲ, ಹಾಗೆನ್ನಲು ಮನಸ್ಸು ಬಾರದು. ಅತ್ತ, ಗಂಡನ ಹೆಸರು ಹಿಡಿಯದ ಹೆಂಡತಿ ಒಳಮನೆಯಿಂದ ‘ರೀ’ ಎಂದಷ್ಟೇ ಕೂಗಿದರೆ ಬ್ಲೂಮ್‌ಫೀಲ್ಡನ ಪ್ರಕಾರ ಅದು ಅಪ್ಪಟ ಪದ! ಇಂಥವನ್ನು ವಿದ್ವಾಂಸರು ‘ಕ್ಲಿಟಿಕ್’ ಎಂದು ಬೇರೆ ಕೋಣೆಯಲ್ಲಿ ಕೂರಿಸಿದ್ದಾರೆ. ಆ ಕೋಣೆಯ ಗೋಡೆ ಎಲ್ಲಿದೆ ಎಂಬುದರಲ್ಲೂ ಒಮ್ಮತವಿಲ್ಲ.

ಹುನಗುಂದದ ಕಡೆ ‘ಮಾಡಾಕ ಹತ್ಯಾನ’ ಎಂಬುದು ಮಾತಿನ ಓಟದಲ್ಲಿ ‘ಮಾಡಾಕತ್ಯಾನ’ ಆಗುತ್ತದೆ. ಕಥೆಗಾರರು ಎರಡೂ ಬಗೆಯಲ್ಲಿ ಬರೆಯುತ್ತಾರೆ. (ಪದ ಎಣಿಸಿ ಸಂಭಾವನೆ ಕೊಡುವ ಪತ್ರಿಕೆಯಾದರೆ ಬಿಡಿಸಿ ಬರೆದವರಿಗೇ ಲಾಭ.) ಕಿವಿಗೆ ಒಂದಾದದ್ದು ವ್ಯಾಕರಣಕ್ಕೆ ಎರಡಾಗಬಹುದು, ಅದಕ್ಕೇ ಈಗಿನ ಹಲವು ವ್ಯಾಕರಣಗಳು ಉಚ್ಚಾರಣೆಯ ಪದ, ವ್ಯಾಕರಣದ ಪದ ಎಂದು ಬೇರೆಬೇರೆ ಲೆಕ್ಕ ಇಡುತ್ತವೆ.

ಪದವನ್ನು ಗುರುತಿಸುವ ಪರೀಕ್ಷೆಗಳು ಒಂದೇ ಗಡಿ ತೋರಿಸುವುದಿಲ್ಲ, ಎಲ್ಲ ಭಾಷೆಗೂ ಸಲ್ಲುವ ವ್ಯಾಖ್ಯೆಗೆ ಆಧಾರವೇ ಇಲ್ಲ ಎಂದು ಜರ್ಮನಿಯ ಮಾರ್ಟಿನ್ ಹಾಸ್ಪೆಲ್‌ಮಾತ್ 2011ರಲ್ಲಿ ವಾದಿಸಿದರು. ಇಳಕಲ್ ಸೀರೆಯ ‘ಗೋಮಿ ದಡಿ’ಯನ್ನೇ ತೆಗೆದುಕೊಳ್ಳಿ. ಬರೆಯುವಾಗ ನಡುವೆ ತೆರಪು, ಅಂದರೆ ಎರಡು ಪದ. ಆದರೆ ‘ಕೆಂಪು ದಡಿ’ಯ ನಡುವೆ ‘ಅಗಲ’ವನ್ನು ತೂರಿಸಿ ‘ಕೆಂಪು ಅಗಲ ದಡಿ’ ಎಂದಂತೆ ‘ಗೋಮಿ ಅಗಲ ದಡಿ’ ಎಂದರೆ ಕಿವಿ ಒಪ್ಪುವುದಿಲ್ಲ. ‘ಅಗಲ ಗೋಮಿ ದಡಿ’ ಎಂದೇ ಆಗಬೇಕು. ಈ ಪರೀಕ್ಷೆಯಲ್ಲಿ ಅದು ಒಂದೇ ಪದ.